ಸಂಜೆ ನಾಲ್ಕಕ್ಕೆ ಜನಗಣಮನ

ನಿಮ್ಮ ಶಾಲೆಯಲ್ಲೂ ರಾಷ್ಟ್ರಗೀತೆ ಹಾಡುತ್ತೀರಾ ಎಂದೆಯಲ್ಲ, ಹಾಡುತ್ತೇವೆ ಮಾರಾಯ್ತಿ. ನೀನು ಬೆಂಗಳೂರಿನಲ್ಲಿ ಹಾಡುವ ಅದೇ ಜನಗಣಮನ, ಅದೇ ಧಾಟಿ, ಅದೇ 52 ಸೆಕೆಂಡು. ‘ನಿಮ್ಮ ಕಡೆ ಅದನ್ನು ಮಲಯಾಳದಲ್ಲಿ ಹಾಡುತ್ತಾರಾ’ ಎಂದು ಕೇಳಿದೆಯಲ್ಲ, ನಿಮ್ಮ ಶಾಲೆಯಲ್ಲೇನು ಕನ್ನಡದಲ್ಲಿ ಹಾಡುತ್ತೀರಾ? ಗಡಿಯ ತಲಪಾಡಿ ದಾಟಿ ಕೇರಳದ ನಮ್ಮ ಕಾಸರಗೋಡಿಗೆ ಬಂದರೆ ಬದಲಾಗುವುದು ಬಸ್ಸಿನ ಬೋರ್ಡು, ದೇಶ ಅಲ್ಲ.

ಒಂದು ವ್ಯತ್ಯಾಸ ಇದೆ. ನೀವು ಬೆಳಗ್ಗೆ ಸಾಲಾಗಿ ನಿಂತಾಗಲೇ ಹಾಡಿ ಮುಗಿಸುತ್ತೀರಿ. ಇಲ್ಲಿ ಬೆಳಗ್ಗೆ ಪ್ರಾರ್ಥನೆ, ಸಂಜೆ ಕೊನೆಯ ಪಿರಿಯಡ್ ಮುಗಿದ ಮೇಲೆ ರಾಷ್ಟ್ರಗೀತೆ, ಅದರ ಬೆನ್ನಿಗೇ ಉದ್ದದ ಗಂಟೆ. ಬ್ಯಾಗು ಹೆಗಲಿಗೇರಿರುತ್ತದೆ, ಕೊಡೆ ಕೈಯಲ್ಲಿರುತ್ತದೆ, ರಸ್ತೆಯ ತಿರುವಿನಲ್ಲಿ ಖಾಸಗಿ ಬಸ್ಸಿನ ಹಾರ್ನ್ ಕೇಳಿಸುತ್ತದೆ. ಕಡಿಮೆ ದರದ ಕನ್ಸೆಷನ್ ಕಾರ್ಡಿನ ಮಕ್ಕಳಿಗಾಗಿ ಆ ಬಸ್ಸು ಕಾಯುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತು. ಆದರೂ ‘ಜಯ ಹೇ’ ಮುಗಿಯುವವರೆಗೆ ಯಾರೂ ಅಲುಗಾಡುವುದಿಲ್ಲ. ಇದಕ್ಕಿಂತ ದೊಡ್ಡ ದೇಶಭಕ್ತಿಯ ಪರೀಕ್ಷೆ ನಿಮ್ಮ ಶಾಲೆಯಲ್ಲಿದ್ದರೆ ಹೇಳು.

ಆಗಸ್ಟ್ 15ರ ಬಗ್ಗೆಯೂ ಹೆಚ್ಚು ಹೇಳುವಂಥದ್ದಿಲ್ಲ. ಮಳೆ ಇರುತ್ತದೆ, ಧ್ವಜ ಒದ್ದೆಯಾಗುತ್ತದೆ, ಭಾಷಣ ಉದ್ದವಾಗುತ್ತದೆ, ಕೊನೆಯಲ್ಲಿ ಪಾಯಸ. ಅದಕ್ಕೆ ಯಾರನ್ನೂ ಒಪ್ಪಿಸಬೇಕಾಗಿಲ್ಲ. ಶಾಲಾ ನಾಯಕಿಯಾದ ಮೇಲೆ ನನ್ನ ತಲೆ ತಿನ್ನುತ್ತಿರುವುದು ಬೇರೆಯೇ, ಅಸೆಂಬ್ಲಿಯ ಪ್ರತಿಜ್ಞೆ.

ನಮ್ಮದು ಕನ್ನಡ, ಮಲಯಾಳ ಎರಡೂ ಮಾಧ್ಯಮಗಳಿರುವ ಶಾಲೆ. ತರಗತಿಗಳು ಬೇರೆ ಬೇರೆ, ಅಸೆಂಬ್ಲಿ ಮಾತ್ರ ಒಂದೇ. ಒಬ್ಬರು ಮುಂದೆ ಬಂದು ಬಲಗೈ ಚಾಚಿ ಪ್ರತಿಜ್ಞೆಯನ್ನು ಒಂದೊಂದೇ ಸಾಲಾಗಿ ಹೇಳಿಕೊಡಬೇಕು, ಉಳಿದವರು ಅದನ್ನೇ ಮರುಹೇಳಬೇಕು. ಭಾರತೀಯರೆಲ್ಲರೂ ಸಹೋದರ ಸಹೋದರಿಯರು ಎನ್ನುವುದರಲ್ಲಿ ಯಾರಿಗೂ ತಕರಾರಿಲ್ಲ. ಯಾವ ಭಾಷೆಯಲ್ಲಿ ಸಹೋದರರಾಗಬೇಕು ಎಂಬಲ್ಲಿ ಜಗಳ. ಮಲಯಾಳದಲ್ಲಿ ಹೇಳಿಕೊಟ್ಟರೆ ಕನ್ನಡದ ಸಾಲುಗಳು ಬರಿದೇ ತುಟಿ ಅಲ್ಲಾಡಿಸುತ್ತವೆ. ಕನ್ನಡದಲ್ಲಿ ಹೇಳಿಕೊಟ್ಟರೆ ಆ ಕಡೆಯ ಸಾಲಿನಲ್ಲಿ ಕಿಸಕ್ಕನೆ ನಗು. ಇಂಗ್ಲಿಷಿನಲ್ಲಿ ಹೇಳಿದರೆ ಎರಡೂ ಕಡೆ ಸಮಾನ ಮೌನ. ಮೂಲ ಪ್ರತಿಜ್ಞೆ ನಮ್ಮ ಭಾಷೆಯದ್ದು ಎಂದು ಎರಡೂ ಪಕ್ಷಗಳು ಒಮ್ಮೆ ವಾದಕ್ಕಿಳಿದವು. ಅದನ್ನು 1962ರಲ್ಲಿ ತೆಲುಗಿನಲ್ಲಿ ಬರೆದವರು ಪೈದಿಮರ್ರಿ ವೆಂಕಟ ಸುಬ್ಬರಾವ್ ಎಂದು ನಾನು ಹೇಳಿದೆ. ಎರಡೂ ಪಕ್ಷಗಳು ಒಟ್ಟಾಗಿ ನನ್ನ ಮೇಲೆ ಮುನಿಸಿಕೊಂಡವು. ನಾಯಕಿಯಾಗಿ ನಾನು ಸಾಧಿಸಿದ ಐಕ್ಯ ಇದು.

ಹೇಳಿಕೊಡಲು ಜನ ಹುಡುಕುವುದು ನನ್ನ ಕೆಲಸ. ‘ನಾಳೆ ನೀನು ಮುಂದೆ ನಿಲ್ಲು’ ಎಂದರೆ ನಮ್ಮ ಕ್ಲಾಸಿನ ಹುಡುಗರಿಗೆ ಒಮ್ಮೆಲೇ ಗಂಟಲು ನೋವು ಬರುತ್ತದೆ. ಅವರಿಗೆ ದೇಶ ಬೇಡ ಎಂದಲ್ಲ, ಉಚ್ಚಾರ ತಪ್ಪಿ ಇಡೀ ಶಾಲೆಯ ಮುಂದೆ ನಗೆಗೀಡಾಗುವುದು ಬೇಡ. ಅದೂ ಅಲ್ಲದೆ, ಕನ್ನಡ ಮಾಧ್ಯಮ ಎಂದ ಮಾತ್ರಕ್ಕೆ ಎಲ್ಲರ ಮನೆಮಾತು ಕನ್ನಡ ಎಂದುಕೊಳ್ಳಬೇಡ. ಸಪ್ತಭಾಷಾ ಸಂಗಮ ಭೂಮಿ ಎಂದು ವೇದಿಕೆಯ ಮೇಲೆ ನಮ್ಮ ಕಾಸರಗೋಡನ್ನು ಹೊಗಳುತ್ತಾರಲ್ಲ, ಆ ಸಂಗಮ ನನ್ನ ಬೆಂಚಿನಲ್ಲೇ ಆಗಿದೆ. ಒಬ್ಬಳು ಮನೆಯಲ್ಲಿ ತುಳು ಮಾತನಾಡುತ್ತಾಳೆ, ಇನ್ನೊಬ್ಬಳು ಬ್ಯಾರಿ, ಮತ್ತೊಬ್ಬಳು ಕೊಂಕಣಿ. ನಾನು ಆಡುವ ಹವ್ಯಕ ಕನ್ನಡ ನಿನಗೇ ಅರ್ಥವಾಗುವುದಿಲ್ಲ ಎಂದು ನೀನೇ ನಕ್ಕಿದ್ದೆ.

ಈಗ ಒಂದು ಉಪಾಯ ನಡೆಸುತ್ತಿದ್ದೇನೆ. ಆ ವಿಭಾಗದವರೊಬ್ಬರು, ಈ ವಿಭಾಗದವರೊಬ್ಬರು, ಜೊತೆಯಾಗಿ ಮುಂದೆ ನಿಲ್ಲುತ್ತಾರೆ. ಮಲಯಾಳದ ದಿನ ನಮ್ಮವರ ಕೈಯಲ್ಲಿ ಕನ್ನಡ ಲಿಪಿಯಲ್ಲಿ ಬರೆದ ಮಲಯಾಳ ಚೀಟಿ, ಕನ್ನಡದ ದಿನ ಅವರ ಕೈಯಲ್ಲಿ ಮಲಯಾಳ ಲಿಪಿಯ ಕನ್ನಡ ಚೀಟಿ. ಹಿಂದಿನ ದಿನ ಊಟದ ಬಿಡುವಿನಲ್ಲಿ ಒಬ್ಬರಿಗೊಬ್ಬರು ತಿದ್ದಿಕೊಡಬೇಕು. ನಗುವ ಧೈರ್ಯ ಆಗ ಕಡಿಮೆಯಾಗುತ್ತದೆ, ಏಕೆಂದರೆ ನಕ್ಕವನ ಸರದಿಯೂ ಬರುತ್ತದೆ. ಪೂರ್ತಿ ಸರಿಹೋಗಿದೆ ಎನ್ನಲಾರೆ. ಚೀಟಿ ಮಳೆಗೆ ನೆನೆದು ಶಾಯಿ ಹರಡಿದ ದಿನ ‘ನನ್ನ ದೇಶ’ದ ನಂತರ ಸುಮಾರು ಹೊತ್ತು ಏನೂ ಬರಲಿಲ್ಲ.

ಸುಮ್ಮನೆ ನಿಂತವರನ್ನು ಬೈದು ಬಾಯಿ ಬಿಡಿಸಬೇಕು ಎನ್ನುವ ಅಧ್ಯಾಪಕರೂ ಇದ್ದಾರೆ. ಮಗು ಮೌನವಾಗಿದ್ದರೆ ದೇಶದ ಮೇಲೆ ಗೌರವವಿಲ್ಲ ಎಂಬ ಲೆಕ್ಕ ಅವರದು. ನಾನು ಒಪ್ಪುವುದಿಲ್ಲ. ಇದೇ ಕೇರಳದಲ್ಲಿ ಯೆಹೋವನ ಸಾಕ್ಷಿಗಳು ಎಂಬ ಪಂಥಕ್ಕೆ ಸೇರಿದ ಮೂವರು ಮಕ್ಕಳು ರಾಷ್ಟ್ರಗೀತೆಗೆ ಎದ್ದು ನಿಲ್ಲುತ್ತಿದ್ದರು, ಹಾಡುತ್ತಿರಲಿಲ್ಲ. 1985ರಲ್ಲಿ ಅವರನ್ನು ಶಾಲೆಯಿಂದ ಹೊರಹಾಕಿದರು. ಗೌರವದಿಂದ ನಿಂತವರು ಹಾಡದಿದ್ದರೆ ಅದು ಅವಮಾನವಲ್ಲ ಎಂದು ಮರುವರ್ಷ ಸುಪ್ರೀಂ ಕೋರ್ಟ್ ಹೇಳಿತು, ಅವರನ್ನು ಮರಳಿ ಸೇರಿಸಿಕೊಳ್ಳಬೇಕೆಂದಿತು. ಸಮಾಜ ವಿಜ್ಞಾನದ ತರಗತಿಯಲ್ಲಿ ಇದನ್ನು ಕೇಳಿದ ಮೇಲೆ ನಾನು ಯಾರ ಬಳಿಯೂ ‘ಹಾಡಲೇಬೇಕು’ ಎಂದಿಲ್ಲ. ‘ಬಾ, ಜೊತೆಗೆ ನಾನಿದ್ದೇನೆ’ ಎಂದರೆ ಬರುವವರು ಬಂದೇ ಬರುತ್ತಾರೆ.

ಇನ್ನು ನಿನ್ನ ಆ ಇನ್ನೊಂದು ಮಾತು, ‘ನೀವು ಹೇಗೂ ಕರ್ನಾಟಕದವರಲ್ಲವಲ್ಲ’ ಎಂದದ್ದು. ಇಲ್ಲಿಯ ಮಂಜೇಶ್ವರದ ಕವಿ ಗೋವಿಂದ ಪೈಗಳಿಗೆ ಆಗ ನಮ್ಮನ್ನು ಆಳುತ್ತಿದ್ದ ಮದ್ರಾಸ್ ಸರ್ಕಾರ 1949ರಲ್ಲೇ ರಾಷ್ಟ್ರಕವಿ ಎಂಬ ಬಿರುದು ಕೊಟ್ಟಿತು. ಆಗ ನಿನ್ನ ರಾಜ್ಯ ಈಗಿನ ರೂಪದಲ್ಲಿ ಹುಟ್ಟಿಯೇ ಇರಲಿಲ್ಲ. ಇಲ್ಲಿಯ ಇನ್ನೊಬ್ಬ ಕವಿ ಕಯ್ಯಾರ ಕಿಞ್ಞಣ್ಣ ರೈಗಳು ಸ್ವಾತಂತ್ರ್ಯಕ್ಕಾಗಿಯೂ ಹೋರಾಡಿದರು, ಕಾಸರಗೋಡು ಕರ್ನಾಟಕಕ್ಕೆ ಸೇರಬೇಕೆಂದೂ ಹೋರಾಡಿದರು, ನೂರು ತುಂಬಿದ ಮೇಲೆ ಈ ಮಣ್ಣಿನಲ್ಲೇ ತೀರಿಕೊಂಡರು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕೆಂದು ಗಡಿ ವಿವಾದ ಪರಿಶೀಲಿಸಿದ ಮಹಾಜನ ಆಯೋಗ 1967ರಲ್ಲಿ ವರದಿ ಕೊಟ್ಟಿತು. ಆ ವರದಿ ಕಪಾಟಿನಲ್ಲೇ ಉಳಿಯಿತು, ನಾವು ಇಲ್ಲೇ ಉಳಿದೆವು. ನನಗೆ ಈ ಊರು ಬಿಟ್ಟು ಬೇರೆ ಊರು ಬೇಡ. ಇಲ್ಲಿ ಕನ್ನಡದಲ್ಲಿ ಓದಲು ಬಿಡಿ ಎಂದಷ್ಟೇ ಕೇಳುತ್ತಿದ್ದೇವೆ. ಕನ್ನಡದ ಗಂಧವೇ ಇಲ್ಲದ ಟೀಚರನ್ನು ಕನ್ನಡ ಮಾಧ್ಯಮದ ಗಣಿತಕ್ಕೆ ನೇಮಿಸಿದರೆ ಮಕ್ಕಳು ಏನು ಕಲಿಯಬೇಕು, ನೀನೇ ಹೇಳು.

ಅದಕ್ಕೇ ನವೆಂಬರ್ 1 ಬಂದರೆ ನನಗೆ ತಲೆನೋವು. ನೀನು ಹಳದಿ ಕೆಂಪು ಬಾವುಟ ಕಳಿಸುತ್ತೀಯ. ಇಲ್ಲಿ ಅದೇ ದಿನ ಕೇರಳಪ್ಪಿರವಿ, 1956ರಲ್ಲಿ ಕೇರಳ ಹುಟ್ಟಿದ ದಿನ. ಆ ವಿಭಾಗದ ಹುಡುಗಿಯರು ಚಿನ್ನದಂಚಿನ ಕಸವು ಸೀರೆ ಉಟ್ಟು ಬರುತ್ತಾರೆ, ನೋಡಲು ಚಂದವೇ. ಆದರೆ ನಮ್ಮ ತಾತಂದಿರನ್ನು ಕೇಳದೆ ಗೆರೆ ಎಳೆದು ನಮ್ಮನ್ನು ಕೇರಳಕ್ಕೆ ಸೇರಿಸಿದ್ದೂ ಅದೇ ದಿನವೇ. ಆಗಸ್ಟ್ 15ಕ್ಕೆ, ಜನವರಿ 26ಕ್ಕೆ ಬಾರದವರ ಮನೆಗೆ ಹಿಂದಿನ ರಾತ್ರಿ ಫೋನ್ ಮಾಡುತ್ತೇನೆ. ನವೆಂಬರ್ 1ಕ್ಕೆ ಯಾರಿಗೂ ಮಾಡುವುದಿಲ್ಲ, ಹೋಗುವವರನ್ನು ತಡೆಯುವುದೂ ಇಲ್ಲ. ‘ಕನ್ನಡದವರನ್ನು ಏಕೆ ಕರೆದುಕೊಂಡು ಬರಲಿಲ್ಲ’ ಎಂದು ಅಧ್ಯಾಪಕರು ಈ ಬಾರಿಯೂ ಕೇಳುತ್ತಾರೆ. ಮೊದಲು ಗಣಿತಕ್ಕೆ ಕನ್ನಡ ಬಲ್ಲವರನ್ನು ಕರೆದುಕೊಂಡು ಬನ್ನಿ ಎಂದು ಹೇಳಬೇಕೆಂದಿದ್ದೇನೆ. ಪರೀಕ್ಷೆಯ ಆಂತರಿಕ ಅಂಕ ಅವರ ಕೈಯಲ್ಲಿರುವುದರಿಂದ ಸ್ವಲ್ಪ ಮೆಲ್ಲಗೆ ಹೇಳುತ್ತೇನೆ.