ನೀರು ತಿಳಿಯಾಗಿದೆ, ಮೀನು ಯಾಕೆ ಸಾಯುತ್ತಿವೆ?

ಪ್ರಶ್ನೆ: ಮೇಡಂ, ಮಗಳ ಹುಟ್ಟುಹಬ್ಬಕ್ಕೆ ಎರಡು ಅಡಿಯ ಫಿಶ್ ಟ್ಯಾಂಕ್ ತಂದೆ. ಮನೆಯ ಬೋರ್‌ವೆಲ್ ನೀರು ತುಂಬಿಸಿ ಅದೇ ದಿನ ಆರು ಗೋಲ್ಡ್‌ಫಿಶ್ ಬಿಟ್ಟೆವು. ನಾಲ್ಕನೇ ದಿನ ನೀರು ಹಾಲು ಕಲಸಿದ ಹಾಗಾಯಿತು. ನೀರೆಲ್ಲಾ ಚೆಲ್ಲಿ, ಜಲ್ಲಿ, ಸ್ಪಾಂಜ್ ಎಲ್ಲವನ್ನೂ ತಿಕ್ಕಿ ತೊಳೆದೆ. ಈಗ ನೀರು ಕನ್ನಡಿ ಥರ ಇದೆ. ಆದರೂ ಎರಡು ಮೀನು ಸತ್ತವು. ಉಳಿದವು ಮೇಲೆ ಬಂದು ಬಾಯಿ ಬಿಡುತ್ತಿವೆ. ಅಂಗಡಿಯಲ್ಲಿ ನೀಲಿ ಔಷಧಿ ಕೊಟ್ಟಿದ್ದಾರೆ. ಹಾಕಲಾ? ಆರ್‌ಓ ನೀರು ತುಂಬಿಸಲಾ?
— ಓದುಗರೊಬ್ಬರು, ಮಂಡ್ಯ

ಉತ್ತರ: ಮೊದಲು ಇವತ್ತೇ ಮಾಡಬೇಕಾದ್ದು. ಅರ್ಧ ನೀರು ತೆಗೆದು, ಅಷ್ಟೇ ಬಿಸುಪಿನ ಹೊಸ ನೀರು ನಿಧಾನವಾಗಿ ಹಾಕಿ. ಎರಡು ದಿನ ಆಹಾರ ಬೇಡ, ಮೀನು ಉಪವಾಸಕ್ಕೆ ಸಾಯುವುದಿಲ್ಲ. ಏರ್ ಪಂಪ್ ಹಗಲೂ ರಾತ್ರಿ ಓಡಲಿ. ನೀಲಿ ಔಷಧಿ ಎತ್ತಿಡಿ. ಅದು ಮೆಥಿಲೀನ್ ಬ್ಲೂ ಆಗಿದ್ದರೆ ಫಿಲ್ಟರ್‌ನಲ್ಲಿ ಬೆಳೆಯಬೇಕಾದ ಬ್ಯಾಕ್ಟೀರಿಯಾಕ್ಕೂ ಪೆಟ್ಟು ಕೊಡುತ್ತದೆ. ನೀವು ಬರೆದಿರುವುದನ್ನು ನೋಡಿದರೆ ನಿಮ್ಮ ಮೀನಿಗೆ ರೋಗ ಬಂದಂತಿಲ್ಲ, ವಿಷ ಏರಿದಂತಿದೆ.

ಮೀನಿನ ಕಿವಿರಿನಿಂದ, ಅದರ ಹಿಕ್ಕೆಯಿಂದ, ತಿನ್ನದೆ ಬಿಟ್ಟ ಕಾಳಿನಿಂದ ಅಮೋನಿಯಾ ಬರುತ್ತದೆ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ. ನೈಟ್ರೈಟೂ ವಿಷವೇ, ಮೀನಿನ ರಕ್ತ ಆಮ್ಲಜನಕ ಹೊರದಂತೆ ಮಾಡುತ್ತದೆ. ಇನ್ನೊಂದು ಬಗೆಯದು ಆ ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಇದನ್ನು ಮೀನು ಸಾಕಷ್ಟು ತಡೆದುಕೊಳ್ಳುತ್ತದೆ, ನಾವು ನೀರು ಬದಲಾಯಿಸಿ ಹೊರಹಾಕಬಹುದು. ಈ ಎರಡೂ ಬ್ಯಾಕ್ಟೀರಿಯಾ ಸ್ಪಾಂಜ್, ಜಲ್ಲಿ, ಗಾಜಿಗೆ ಅಂಟಿಕೊಂಡು ಬಾಳುತ್ತವೆ. ಹೊಸ ಟ್ಯಾಂಕಿನಲ್ಲಿ ಸಾಕಷ್ಟು ಬೆಳೆಯಲು ನಾಲ್ಕರಿಂದ ಆರು ವಾರ ಬೇಕು. ಟ್ಯಾಂಕ್ ಸೈಕಲ್ ಆಗಬೇಕು ಅನ್ನುವುದು ಇದಕ್ಕೇ. ನೀವು ತಿಕ್ಕಿ ತೊಳೆದಾಗ ಆಗತಾನೇ ನೆಲೆಯೂರಿದ್ದ ಅಷ್ಟಿಷ್ಟೂ ಹೋಯಿತು. ಹಾಲಿನ ಹಾಗಾಗಿದ್ದು ಬೇರೆ ಬ್ಯಾಕ್ಟೀರಿಯಾ, ಸುಮ್ಮನೆ ಬಿಟ್ಟಿದ್ದರೆ ಕೆಲವು ದಿನಗಳಲ್ಲಿ ತಾನೇ ತಿಳಿಯಾಗುತ್ತಿತ್ತು. ಬೇಜಾರಾಗಬೇಡಿ. ಸರಸ್ವತಿಪುರಂನ ನಮ್ಮ ಮನೆಯಲ್ಲಿ ಮೊದಲ ಟ್ಯಾಂಕ್ ಇಟ್ಟಾಗ ನಾನೂ ಒಂದು ಭಾನುವಾರ ಹೀಗೇ ಎಲ್ಲಾ ತೊಳೆದೆ. ಗುರುವಾರದ ಹೊತ್ತಿಗೆ ಐದು ಮೋಲಿ ಸತ್ತಿದ್ದವು. ಹೈಸ್ಕೂಲಿನಲ್ಲಿ ರಸಾಯನಶಾಸ್ತ್ರ ಹೇಳಿಕೊಡುತ್ತಿದ್ದ ನನಗೆ ಆ ದಿನ ತುಂಬಾ ನೋವಾಗಿತ್ತು. ಅವತ್ತಿನಿಂದ ನೀರನ್ನು ಕಣ್ಣಳತೆಯಲ್ಲಿ ನಂಬಿಲ್ಲ. ಅಮೋನಿಯಾಕ್ಕೆ ಬಣ್ಣವಿಲ್ಲ, ನೈಟ್ರೈಟಿಗೂ ಇಲ್ಲ.

ಹಾಗಾಗಿ ಟೆಸ್ಟ್ ಕಿಟ್ ಕೊಳ್ಳಿ. ಹನಿ ಹಾಕಿ ನೋಡುವ ಲಿಕ್ವಿಡ್ ಕಿಟ್ ಇರಲಿ. ಅದ್ದಿ ನೋಡುವ ಸ್ಟ್ರಿಪ್‌ಗಳಲ್ಲಿ ಎಷ್ಟೋ ಸಲ ಅಮೋನಿಯಾ ಇರುವುದೇ ಇಲ್ಲ, ನಿಮಗೆ ಈಗ ಬೇಕಾದ್ದು ಅದೇ ಅಲ್ವಾ? ನಾನು ಬಳಸುವ ಎಪಿಐ ಕಂಪನಿಯ ಕಿಟ್‌ನಲ್ಲಿ 5 ಎಂಎಲ್ ನೀರಿಗೆ ಹನಿ ಹಾಕಿ 5 ನಿಮಿಷ ಕಾಯಬೇಕು. ಅಮೋನಿಯಾ ಇಲ್ಲದಿದ್ದರೆ ಹಳದಿ, ಇದ್ದರೆ ಹಸಿರು. ನೈಟ್ರೈಟ್ ಇಲ್ಲದಿದ್ದರೆ ತಿಳಿನೀಲಿ, ಇದ್ದರೆ ನೇರಳೆ. ಬಣ್ಣವನ್ನು ಹಗಲು ಬೆಳಕಲ್ಲಿ, ಬಿಳಿ ಕಾಗದದ ಮುಂದೆ ಹಿಡಿದು ನೋಡಿ. ಟ್ಯೂಬ್‌ಲೈಟಿನಲ್ಲಿ ಹಳದಿ ಯಾವುದು ತಿಳಿಹಸಿರು ಯಾವುದು ಗೊತ್ತಾಗುವುದಿಲ್ಲ. ನೈಟ್ರೇಟಿನ ಎರಡನೇ ಬಾಟಲಿಯನ್ನು ಅರ್ಧ ನಿಮಿಷ ಜೋರಾಗಿ ಕುಲುಕಲೇಬೇಕು. ಇಲ್ಲದಿದ್ದರೆ ಅಡಿಯಲ್ಲಿ ಕೂತಿರುವುದು ಹನಿಯ ಜೊತೆ ಬರುವುದಿಲ್ಲ, ಫಲಿತಾಂಶ ಕಡಿಮೆ ತೋರಿಸುತ್ತದೆ.

ಟ್ಯಾಂಕಿಗಿಂತ ಮೊದಲು ನಿಮ್ಮ ಬೋರ್‌ವೆಲ್ ನೀರನ್ನೇ ಟೆಸ್ಟ್ ಮಾಡಿ. ಇದು ಮಂಡ್ಯದವರಿಗೆ ಬಹಳ ಮುಖ್ಯ. ಕಬ್ಬು, ಭತ್ತದ ಗದ್ದೆಗೆ ಹಾಕಿದ ಯೂರಿಯಾ ನೆಲಕ್ಕಿಳಿದು ಅಂತರ್ಜಲದಲ್ಲಿ ನೈಟ್ರೇಟ್ ಆಗಿ ಸೇರಬಹುದು. ಕುಡಿಯುವ ನೀರಿನಲ್ಲೇ ಲೀಟರಿಗೆ 45 ಮಿಲಿಗ್ರಾಂ ತನಕ ಇರಬಹುದು ಅನ್ನುತ್ತದೆ ಭಾರತೀಯ ಮಾನಕ. ಬೋರ್‌ವೆಲ್‌ನಲ್ಲೇ 30 ಇದ್ದರೆ, ಟ್ಯಾಂಕಿನಲ್ಲಿ ನೈಟ್ರೇಟ್ ಕಂಡ ಕೂಡಲೇ ‘ಸೈಕಲ್ ಆಯ್ತು’ ಅಂದುಕೊಂಡರೆ ಮೋಸ ಹೋಗುತ್ತೀರಿ. ಪಿಹೆಚ್, ಅಂದರೆ ನೀರಿನ ಹುಳಿ-ಕ್ಷಾರದ ಅಳತೆ, ಅದನ್ನೂ ನೋಡಿ. 7 ಇದ್ದದ್ದು 8 ಆದರೆ ಅಮೋನಿಯಾದಲ್ಲಿ ವಿಷಕಾರಿ ಪಾಲು ಸುಮಾರು ಹತ್ತು ಪಟ್ಟಾಗುತ್ತದೆ.

ಆರ್‌ಓ ನೀರು ಮಾತ್ರ ಬೇಡ. ಈ ಬ್ಯಾಕ್ಟೀರಿಯಾ ಕೆಲಸ ಮಾಡುವಾಗ ಹುಳಿ ಹುಟ್ಟುತ್ತದೆ. ಅದನ್ನು ತಡೆಯಲು ನೀರಿನಲ್ಲಿ ಕಾರ್ಬೊನೇಟ್ ಬೇಕು, ಆರ್‌ಓ ಅದನ್ನೇ ತೆಗೆದುಬಿಟ್ಟಿರುತ್ತದೆ. ಸೋಪಿಗೆ ನೊರೆ ಬಾರದ ಗಡಸು ನೀರಾದರೂ ಗೋಲ್ಡ್‌ಫಿಶ್ ಹೊಂದಿಕೊಳ್ಳುತ್ತದೆ.

ಮುಂದೆ ದಿನಾ ಟೆಸ್ಟ್ ಮಾಡಿ. ಅಮೋನಿಯಾ ಅಥವಾ ನೈಟ್ರೈಟ್ 0.5 ಪಿಪಿಎಂ (ಲೀಟರಿಗೆ ಅರ್ಧ ಮಿಲಿಗ್ರಾಂ) ಮುಟ್ಟಿದ ದಿನ ಅರ್ಧ ನೀರು ಬದಲಾಯಿಸಿ. ನೈಟ್ರೈಟ್ ಕಂಡಾಗ ಲೀಟರಿಗೆ ಒಂದು ಗ್ರಾಂ ಅಡುಗೆ ಉಪ್ಪು ಕರಗಿಸಿ ಹಾಕಿದರೆ, ಅದರಲ್ಲಿನ ಕ್ಲೋರೈಡ್ ಕಿವಿರಿನಲ್ಲಿ ನೈಟ್ರೈಟನ್ನು ತಡೆಯುತ್ತದೆ. ಸ್ಪಾಂಜನ್ನು ಇನ್ನು ಮೇಲೆ ಟ್ಯಾಂಕಿನಿಂದ ತೆಗೆದ ನೀರಿನಲ್ಲಷ್ಟೇ ಹಿಂಡಿ.

ಬೇಗ ಆಗಬೇಕಾದರೆ ಹೆಪ್ಪು ತನ್ನಿ. ಮನೆಯಲ್ಲಿ ಮೊಸರು ಮುಗಿದರೆ ಪಕ್ಕದ ಮನೆಯಿಂದ ಒಂದು ಚಮಚ ಇಸ್ಕೊಂಡು ಬರುತ್ತೇವಲ್ಲ, ಹಾಗೆ. ವರ್ಷದಿಂದ ಮೀನು ಚೆನ್ನಾಗಿರುವ ಟ್ಯಾಂಕಿನವರಿಂದ ಹಳೆಯ ಸ್ಪಾಂಜಿನ ತುಂಡು ಕೇಳಿ. ಒಣಗದಂತೆ ಅದೇ ನೀರಿನಲ್ಲಿಟ್ಟು ತಂದು ನಿಮ್ಮ ಫಿಲ್ಟರಿಗೆ ಸೇರಿಸಿ.

ಇನ್ನೊಂದು ಮಾತು, ನಿಮಗೆ ಇಷ್ಟವಾಗದಿರಬಹುದು. ಎರಡು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರ ಅಂದರೆ ಸುಮಾರು 56 ಲೀಟರ್. ಜಲ್ಲಿ ಕಳೆದರೆ ಇನ್ನೂ ಕಡಿಮೆ. ಗೋಲ್ಡ್‌ಫಿಶ್ ದೊಡ್ಡದಾಗುತ್ತದೆ, ಗಲೀಜೂ ಜಾಸ್ತಿ. ಉಳಿದ ನಾಲ್ಕರಲ್ಲಿ ಎರಡನ್ನಾದರೂ ದೊಡ್ಡ ತೊಟ್ಟಿ ಇರುವವರಿಗೆ ಕೊಟ್ಟುಬಿಡಿ. ಮಗಳ ಕೈಗೆ ಒಂದು ನೋಟ್‌ಬುಕ್ ಕೊಟ್ಟು ದಿನದ ಬಣ್ಣ ಬರೆಯಲು ಹೇಳಿ. ನನ್ನ ನೋಟ್‌ಬುಕ್ ಈಗಲೂ ಇದೆ: 9ನೇ ದಿನ ಅಮೋನಿಯಾ 2, 12ಕ್ಕೆ ಮೊದಲ ನೇರಳೆ, 34ಕ್ಕೆ ಎರಡೂ ಸೊನ್ನೆ.

ಪ್ರಶ್ನೆ: ಟ್ಯಾಂಕ್ ಸಿದ್ಧವಿದೆ, ಮೀನು ಇನ್ನೂ ತಂದಿಲ್ಲ. ಮೀನಿಲ್ಲದೆ ಸೈಕಲ್ ಮಾಡಲು ಅಮೋನಿಯಾ ಎಲ್ಲಿಂದ ತರಲಿ? ನಮ್ಮದು ಕಾವೇರಿ ನೀರು.
— ಓದುಗರೊಬ್ಬರು, ಕುವೆಂಪುನಗರ, ಮೈಸೂರು

ಉತ್ತರ: ಮೀನು ತರುವ ಮೊದಲೇ ಕೇಳಿದಿರಲ್ಲ, ನನಗೆ ತುಂಬಾ ಖುಷಿಯಾಯಿತು. ನಲ್ಲಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ, ಅದು ಬ್ಯಾಕ್ಟೀರಿಯಾವನ್ನೂ ಕೊಲ್ಲುತ್ತದೆ. ಆ್ಯಂಟಿ ಕ್ಲೋರಿನ್ ಹನಿ ಹಾಕಿ, ಅಥವಾ ಬಕೆಟ್‌ನಲ್ಲಿ ಏರ್ ಪಂಪ್ ಬಿಟ್ಟು ಒಂದು ದಿನ ಇಟ್ಟು ಬಳಸಿ.

ಅಮೋನಿಯಾಕ್ಕೆ ಅಮೋನಿಯಂ ಕ್ಲೋರೈಡ್ ಸಾಕು. ಅದು ನಮ್ಮ ನವಸಾಗರವೇ. ಬೀದಿಗೆ ಕಲಾಯಿ ಹಾಕುವವರು ಬಂದಾಗ, ಕಾದ ಹಿತ್ತಾಳೆ ಪಾತ್ರೆಗೆ ಉದುರಿಸಿ ಬಿಳಿ ಹೊಗೆ ಎಬ್ಬಿಸುತ್ತಿದ್ದರಲ್ಲ, ಅದು. ಆದರೆ ಕಲಾಯಿಯದ್ದನ್ನು ತರಬೇಡಿ, ಅದರಲ್ಲಿ ಏನು ಬೆರೆತಿದೆಯೋ. ಲ್ಯಾಬ್ ಸಾಮಾನಿನ ಅಂಗಡಿಯಲ್ಲಿ ಶುದ್ಧವಾದದ್ದು ಕೇಳಿ. 50 ಲೀಟರಿಗೆ ಒಂದು ಗ್ರಾಮಿನ ಮೂರನೇ ಒಂದು ಭಾಗ ಹಾಕಿದರೆ ಸುಮಾರು 2 ಪಿಪಿಎಂ ಬರುತ್ತದೆ. ಅಮೋನಿಯಾ ಸೊನ್ನೆಗಿಳಿದಾಗಲೆಲ್ಲ ಮತ್ತೆ ಅಷ್ಟೇ ಹಾಕಿ. ನೈಟ್ರೈಟ್ ತೀರಾ ಏರಿದ್ದರೆ ಸ್ವಲ್ಪ ನೀರು ಬದಲಾಯಿಸಿ, ಅದು ಇಳಿಯುವ ತನಕ ತಡೆಯಿರಿ. ಒಂದು ದಿನ ಬೆಳಿಗ್ಗೆ 2 ಪಿಪಿಎಂ ಹಾಕಿ ಮರುದಿನ ಬೆಳಿಗ್ಗೆ ನೋಡಿದರೆ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ಬರುತ್ತವೆ. ಅವತ್ತು ಮುಕ್ಕಾಲು ಭಾಗ ನೀರು ಬದಲಾಯಿಸಿ, ನೈಟ್ರೇಟ್ 20ಕ್ಕಿಂತ ಕೆಳಗಿದೆಯೇ ನೋಡಿಕೊಂಡು, ಸಂಜೆ ಮೀನು ತನ್ನಿ.