ಪಾರ್ಟಿ ಬೇಡ ಅನ್ನೋರು ಬಿಲ್‌ಗೆ ಯಾಕೆ ಸಪೋರ್ಟ್ ಮಾಡ್ತಾರೆ?

ಅಮೆರಿಕದ ಕ್ಯಾಲಿಫೋರ್ನಿಯಾದ ಲೀಗ್ ಆಫ್ ವಿಮೆನ್ ವೋಟರ್ಸ್ ಅನ್ನೋ ಮತದಾರರ ಸಂಘಟನೆಯವ್ರು ನಾವು ಯಾವ ಪಕ್ಷಾನೂ ಅಲ್ಲ ಅಂತಾರೆ, ಆದ್ರೆ ಕಾನೂನಿನ ಪ್ರಸ್ತಾವಗಳು ನೇರವಾಗಿ ಜನರ ವೋಟಿಗೆ ಬಂದಾಗ ಇದಕ್ಕೆ ಯೆಸ್ ಹಾಕಿ ಅದಕ್ಕೆ ನೋ ಹಾಕಿ ಅಂತಾರೆ, ಇದು ಡಬಲ್ ಗೇಮ್ ಅಲ್ವಾ ಅಂತ ಕೇಳಿದ್ರಲ್ಲ ಸರ್. ನಂಗೇನೋ ಹಾಗನ್ಸಲ್ಲ. ಅವ್ರ ರೂಲ್ ಇರೋದು ಕ್ಯಾಂಡಿಡೇಟ್‌ಗೆ, ಪಾರ್ಟಿಗೆ ಸಪೋರ್ಟೂ ಮಾಡಲ್ಲ ವಿರೋಧಾನೂ ಮಾಡಲ್ಲ ಅಂತ, ವಿಷಯದ ಮೇಲೆ ಅಭಿಪ್ರಾಯಾನೇ ಇರಬಾರ್ದು ಅಂತಲ್ಲ. ಅದೂ ಲೀಗ್ ಅಧ್ಯಕ್ಷರಿಗೆ ತೋಚಿದ್ದಲ್ಲ, ಮೆಂಬರ್ಸ್ ಮೊದ್ಲು ಸ್ಟಡಿ ಮಾಡಿ, ಕೂತು ಚರ್ಚಿಸಿ, ಒಮ್ಮತಕ್ಕೆ ಬಂದ್ಮೇಲೇನೇ ಅದು 'ಪೊಸಿಷನ್' ಆಗೋದು, ಆಮೇಲೆ ಬರೋ ಬಿಲ್‌ಗಳನ್ನ, ಪ್ರಸ್ತಾವಗಳನ್ನ ಅದಕ್ಕೆ ಹೋಲಿಸಿ ನೋಡ್ತಾರೆ.

2008ರಲ್ಲಿ ಹೀಗೆ ಜನರ ವೋಟಿಗೆ ಬಂದ ಪ್ರಸ್ತಾವ, ಪ್ರೊಪೊಸಿಷನ್ 11 ನೋಡಿ. ಅಸೆಂಬ್ಲಿ ಕ್ಷೇತ್ರಗಳ ಗಡಿ ಹಾಕೋ ಅಧಿಕಾರಾನ ಶಾಸಕರ ಕೈಯಿಂದ ಕಿತ್ಕೊಂಡು 14 ಜನ ನಾಗರಿಕರ ಆಯೋಗಕ್ಕೆ ಕೊಡೋದು, 5 ಡೆಮಾಕ್ರಾಟ್, 5 ರಿಪಬ್ಲಿಕನ್, 4 ಎರಡೂ ಅಲ್ದೋರು. ರಿಪಬ್ಲಿಕನ್ ಗವರ್ನರ್ ಶ್ವಾರ್ಜ್‌ನೆಗರ್ ಪರ, ಡೆಮಾಕ್ರಟಿಕ್ ಪಾರ್ಟಿ ವಿರೋಧ, ಲೀಗ್ ಪರ ನಿಲ್ತು. ಹಾಗಂತ ಅವ್ರು ರಿಪಬ್ಲಿಕನ್ ಆಗ್ಬಿಟ್ರಾ? ಇಲ್ವಲ್ಲ, ಬೇರೆ ಎಷ್ಟೋ ವಿಷಯದಲ್ಲಿ ಅವ್ರ ನಿಲುವು ಡೆಮಾಕ್ರಾಟ್‌ಗಳಿಗೇ ಹತ್ರ, ಅದಕ್ಕೇ ಜನ ಎಡದ ಕಡೆ ವಾಲಿದ್ದಾರೆ ಅಂತ ಬೈಯ್ಯೋದು, ಆ ದೂರಲ್ಲಿ ಸ್ವಲ್ಪ ನಿಜಾನೂ ಇದೆ ಅನ್ನಿ.