ಅಪ್ಪಯ್ಯನಿಗೆ ಬಂದದ್ದು ನನಗೂ ಬರುತ್ತದೆಯೇ?

ಪ್ರಶ್ನೆ: ಡಾಕ್ಟ್ರೇ, ನನಗೆ 52 ವರ್ಷ. ಶಿರಸಿ ಹತ್ತಿರ ಅಡಿಕೆ ತೋಟ ಇದೆ. ಅಪ್ಪಯ್ಯನಿಗೆ 63ನೇ ವಯಸ್ಸಿನಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಎಂದು ಗೊತ್ತಾಯಿತು. ಅಷ್ಟರಲ್ಲಿ ಅದು ಬೆನ್ನುಮೂಳೆಗೆ ಹಬ್ಬಿಯಾಗಿತ್ತು. ಅಲ್ಲಿಯವರೆಗೂ ಸೊಂಟನೋವು ತೋಟದ ಕೆಲಸದ್ದೇ ಎಂದುಕೊಂಡು ಎಣ್ಣೆ ತಿಕ್ಕುತ್ತಿದ್ದೆವು. ಈಗ ನಾನು ರಾತ್ರಿ ಎರಡು ಮೂರು ಸಲ ಒಂದಕ್ಕೆ ಏಳುತ್ತೇನೆ. ಹುಬ್ಬಳ್ಳಿಯಲ್ಲಿ ರಕ್ತ ಪರೀಕ್ಷೆ ಮಾಡಿಸಿದೆ, ಪಿಎಸ್‌ಎ 5.1 ಬಂದಿದೆ. ಆವತ್ತಿನಿಂದ ನಿದ್ದೆಯಿಲ್ಲ. ಅಮೆರಿಕದಲ್ಲಿರುವ ಅಣ್ಣನ ಮಗ ವಿಟಮಿನ್ ಇ ಮಾತ್ರೆ ತಂದುಕೊಟ್ಟಿದ್ದಾನೆ. ತೆಗೆದುಕೊಳ್ಳಲೇ? ಕವಳ (ಎಲೆಅಡಿಕೆ) ಬಿಟ್ಟರೆ ಅಪಾಯ ತಗ್ಗೀತೇ?
(ಓದುಗರು, ಶಿರಸಿ ತಾಲ್ಲೂಕು)

ಉತ್ತರ: ಮೊದಲು ಆ ಮಾತ್ರೆಯ ಡಬ್ಬಿ ಬದಿಗಿಡಿ. ಹುಡುಗ ಪ್ರೀತಿಯಿಂದಲೇ ತಂದಿದ್ದಾನೆ, ಆದರೆ ಈ ಮಾತ್ರೆಯನ್ನು 35 ಸಾವಿರಕ್ಕೂ ಹೆಚ್ಚು ಗಂಡಸರ ಮೇಲೆ ಪರೀಕ್ಷಿಸಿ ನೋಡಿಯಾಗಿದೆ. 2011ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ದಿನಕ್ಕೆ 400 ಯೂನಿಟ್ ವಿಟಮಿನ್ ಇ ನುಂಗಿದವರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಶೇ 17ರಷ್ಟು ಹೆಚ್ಚೇ ಕಂಡಿತು. ಜೊತೆಗೆ ಪರೀಕ್ಷಿಸಿದ್ದ ಸೆಲೆನಿಯಂನಿಂದಲೂ ಲಾಭ ಸಿಗಲಿಲ್ಲ.

ಇನ್ನು 5.1. ಪಿಎಸ್‌ಎ ಎಂಬುದು ಪ್ರಾಸ್ಟೇಟ್ ಗ್ರಂಥಿಯೇ ತಯಾರಿಸುವ ಒಂದು ಪ್ರೋಟೀನು. ಗ್ರಂಥಿಗೆ ಏನೇ ತೊಂದರೆಯಾದರೂ ಅದು ರಕ್ತದಲ್ಲಿ ಏರುತ್ತದೆ. ವಯಸ್ಸಿಗೆ ಗ್ರಂಥಿ ದಪ್ಪವಾದರೆ ಏರುತ್ತದೆ, ಮೂತ್ರದ ಸೋಂಕಿದ್ದರೆ ಏರುತ್ತದೆ. ಹಿಂದಿನ ಒಂದೆರಡು ದಿನಗಳಲ್ಲಿ ವೀರ್ಯಸ್ಖಲನವಾಗಿದ್ದರೆ, ಬಹಳ ದೂರ ಸೈಕಲ್ ತುಳಿದಿದ್ದರೆ ಸಹ ತುಸು ಏರಬಹುದು. 4ರಿಂದ 10ರ ನಡುವೆ ಬಂದವರಿಗೆ ಬಯಾಪ್ಸಿ (ಗ್ರಂಥಿಯ ಸಣ್ಣ ಚೂರು ತೆಗೆದು ನೋಡುವ ಪರೀಕ್ಷೆ) ಮಾಡಿದಾಗ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಕ್ಯಾನ್ಸರ್ ಸಿಗುತ್ತದೆ ಎಂಬುದು ಅಮೆರಿಕದ ಲೆಕ್ಕ. ಉಳಿದ ಮೂವರಿಗೆ ಇರುವುದಿಲ್ಲ. ಹಾಗಾಗಿ ಈ ಒಂದು ಅಂಕಿ ನೋಡಿ ನಿದ್ದೆ ಕೆಡಿಸಿಕೊಳ್ಳಬೇಡಿ. ಹಾಗೆಂದು ವರದಿಯನ್ನು ಕಪಾಟಿನಲ್ಲಿಟ್ಟು ಮರೆಯಲೂ ಬೇಡಿ. ಮೂತ್ರ ಪರೀಕ್ಷೆ ಮಾಡಿಸಿ. ಸೋಂಕಿದ್ದರೆ ಚಿಕಿತ್ಸೆ ಪಡೆದು ಆರು ವಾರ ಬಿಟ್ಟು, ಅದೇ ಲ್ಯಾಬಿನಲ್ಲಿ ಪಿಎಸ್‌ಎ ಮತ್ತೊಮ್ಮೆ ನೋಡಿಸಿ. ಆಗಲೂ ಹೆಚ್ಚಿದ್ದರೆ ಯುರಾಲಜಿಸ್ಟರ ಬಳಿ ಹೋಗಿ. ಅವರು ಗುದದ್ವಾರದಿಂದ ಬೆರಳಿಟ್ಟು ಗ್ರಂಥಿಯನ್ನು ಮುಟ್ಟಿ ನೋಡುತ್ತಾರೆ. ಒಂದು ನಿಮಿಷವೂ ಹಿಡಿಯದ ಪರೀಕ್ಷೆ ಅದು, ನಾಚಿಕೊಂಡು ಬೇಡವೆನ್ನಬೇಡಿ. ಬೇಕೆನಿಸಿದರೆ ಎಂಆರ್‌ಐ ಮಾಡಿಸಿ, ಅದರಲ್ಲಿ ಕಂಡದ್ದನ್ನು ನೋಡಿಕೊಂಡು ಬಯಾಪ್ಸಿ ನಿರ್ಧರಿಸುತ್ತಾರೆ.

ನೀವು ಬರೆಯದ ಒಂದು ವಿಷಯ ಕೇಳಬೇಕು. ಮೂತ್ರದ ತೊಂದರೆಗೋ ಕೂದಲು ಉದುರುವುದಕ್ಕೋ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಾ? ಅದರಲ್ಲಿ ಫಿನಾಸ್ಟೆರೈಡ್ ಅಥವಾ ಡುಟಾಸ್ಟೆರೈಡ್ ಇದ್ದರೆ ಆರು ತಿಂಗಳಲ್ಲಿ ಪಿಎಸ್‌ಎ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಅಂದರೆ ನಿಮ್ಮ 5.1 ನಿಜಕ್ಕೆ ಹತ್ತರ ಹತ್ತಿರದ್ದಾಗಿರಬಹುದು. ಮಾತ್ರೆಯ ಪಟ್ಟಿಯನ್ನೇ ಕೈಯಲ್ಲಿ ಹಿಡಿದುಕೊಂಡು ಹೋಗಿ.

ರಾತ್ರಿ ಏಳುವುದಕ್ಕೆ ಕಾರಣ ಹೆಚ್ಚಾಗಿ ಕ್ಯಾನ್ಸರ್ ಅಲ್ಲ. ಸಣ್ಣ ನಿಂಬೆಹಣ್ಣಿನಷ್ಟಿರುವ ಈ ಗ್ರಂಥಿ ಮೂತ್ರಕೋಶದ ಕೆಳಗೆ, ಮೂತ್ರನಾಳದ ಸುತ್ತ ಕೂತಿದೆ. ಅದು ದಪ್ಪವಾದಾಗ ನಾಳ ಒತ್ತಿಹೋಗುತ್ತದೆ. ಸಕ್ಕರೆ ಕಾಯಿಲೆಯೂ ಕಾರಣವಿರಬಹುದು, ಅದನ್ನೂ ನೋಡಿಸಿ. ಕ್ಯಾನ್ಸರ್ ಶುರುವಾಗುವುದು ಸಾಮಾನ್ಯವಾಗಿ ಗ್ರಂಥಿಯ ಹೊರಅಂಚಿನಲ್ಲಿ. ನಾಳಕ್ಕೆ ಅದು ದೂರ, ಆದ್ದರಿಂದ ಬಹಳ ಕಾಲ ಏನೂ ಗೊತ್ತಾಗುವುದಿಲ್ಲ. ನಿಮ್ಮ ಅಪ್ಪಯ್ಯನಿಗೆ ಆದದ್ದೂ ಇದೇ. ಎಣ್ಣೆ ತಿಕ್ಕಿದ್ದಕ್ಕೆ ನಿಮ್ಮನ್ನು ನೀವು ಹಳಿದುಕೊಳ್ಳಬೇಡಿ.

ನನಗೆ ಮುಖ್ಯವಾಗಿ ಹೇಳಬೇಕಾದದ್ದು ಬೇರೆಯೇ ಇದೆ. ಅಪ್ಪನಿಗೋ ಅಣ್ಣತಮ್ಮಂದಿರಿಗೋ ಈ ಕಾಯಿಲೆ ಬಂದಿದ್ದರೆ ಅಪಾಯ ಹೆಚ್ಚುಕಡಿಮೆ ಇಮ್ಮಡಿ. ಉಳಿದವರು 50ಕ್ಕೆ ವೈದ್ಯರ ಹತ್ತಿರ ಈ ಮಾತೆತ್ತಿದರೆ ಸಾಕು, ಇಂಥ ಮನೆಯವರು 45ಕ್ಕೇ ಎತ್ತಬೇಕು. ಮಾತ್ರೆ ತಂದ ಹುಡುಗನ ಅಪ್ಪ, ನಿಮ್ಮ ಅಣ್ಣ, ಪರೀಕ್ಷೆ ಮಾಡಿಸಿಕೊಂಡಿದ್ದಾರೆಯೇ? ಪತ್ರದಲ್ಲಿ ಆ ಸುದ್ದಿಯೇ ಇಲ್ಲ. ಚೌತಿಗೆ ಎಲ್ಲರೂ ಮನೆಗೆ ಬಂದಾಗ ಕೂರಿಸಿಕೊಂಡು ಹೇಳಿ. ಅತ್ತೆ, ಚಿಕ್ಕಮ್ಮ, ಅಜ್ಜಿಯರಲ್ಲಿ ಯಾರಿಗಾದರೂ ಸ್ತನದ ಅಥವಾ ಅಂಡಾಶಯದ ಕ್ಯಾನ್ಸರ್ ಇತ್ತೇ ಎಂದೂ ವಿಚಾರಿಸಿ. ಬಿಆರ್‌ಸಿಎ2 ಎಂಬ ಜೀನಿನ ದೋಷ ಹೆಂಗಸರಲ್ಲಿ ಆ ಕ್ಯಾನ್ಸರುಗಳನ್ನೂ ಗಂಡಸರಲ್ಲಿ ಇದನ್ನೂ ತರುತ್ತದೆ, ತಾಯಿಯ ಕಡೆಯಿಂದಲೂ ಬರುತ್ತದೆ. ಸರಕಾರದ ತಪಾಸಣೆ ಇರುವುದು ಬಾಯಿ, ಸ್ತನ, ಗರ್ಭಕಂಠದ ಕ್ಯಾನ್ಸರಿಗೆ. ಪ್ರಾಸ್ಟೇಟ್ ನೋಡಲು ಯಾರೂ ಮನೆಬಾಗಿಲಿಗೆ ಬರುವುದಿಲ್ಲ. ನನ್ನಲ್ಲಿಗೆ ಬರುವ ಗಂಡಸರು ಮಂಡಿನೋವು, ಗ್ಯಾಸು ಎಲ್ಲ ಹೇಳುತ್ತಾರೆ. ಈ ಮಾತು ಬಂದರೆ ಹೆಂಡತಿಯ ಬಾಯಿಂದಲೇ ಬರಬೇಕು. ನೀವಾಗಿಯೇ ಬರೆದಿರಿ, ನನಗೆ ಅದು ಬಹಳ ದೊಡ್ಡದು.

ಕವಳ ಬಿಡಿ, ಬಿಡಲೇಬೇಕು, ಆದರೆ ಬಾಯಿ ಕ್ಯಾನ್ಸರಿನ ಭಯಕ್ಕೆ. ಬೀಡಿ ಸಿಗರೇಟು ಸೇದುವವರಿಗೆ, ಬೊಜ್ಜಿರುವವರಿಗೆ ಪ್ರಾಸ್ಟೇಟ್ ಕ್ಯಾನ್ಸರ್ ಬಂದರೆ ಅದು ಉಗ್ರವಾಗುವ ಸಂಭವ ಹೆಚ್ಚು. ಹೊಟ್ಟೆ ಕರಗಿಸಿ, ದಿನಾ ನಡೆಯಿರಿ. ಟೊಮೆಟೊ ಸಾರು ಬೇಕಾದಷ್ಟು ಉಣ್ಣಿ, ಅದೊಂದೇ ಕಾಪಾಡೀತು ಎಂದು ಮಾತ್ರ ನಂಬಬೇಡಿ.

ಪ್ರಶ್ನೆ: ನಮ್ಮ ಯಜಮಾನರಿಗೆ 66. ಬಯಾಪ್ಸಿಯಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್, ಗ್ಲೀಸನ್ 6 ಎಂದು ಬಂದಿದೆ. ಆಪರೇಷನ್ನೂ ಇಲ್ಲ, ಔಷಧಿಯೂ ಇಲ್ಲ, ಆರು ತಿಂಗಳಿಗೊಮ್ಮೆ ಬನ್ನಿ ಎಂದು ಕಳಿಸಿದ್ದಾರೆ. ಕೈಬಿಟ್ಟರೇ ಎಂದು ಭಯ. ನೆಂಟರು ನಾಟಿ ಔಷಧಿಗೆ ಒತ್ತಾಯಿಸುತ್ತಿದ್ದಾರೆ.
(ಓದುಗರು, ಅಂಕೋಲಾ)

ಉತ್ತರ: ಕೈಬಿಟ್ಟಿಲ್ಲ ತಾಯಿ. ಗ್ಲೀಸನ್ 6 ಎಂದರೆ ಆ ಅಳತೆಯಲ್ಲಿ ಕ್ಯಾನ್ಸರಿನ ಅತಿ ಸೌಮ್ಯ ದರ್ಜೆ. ಬ್ರಿಟನ್ನಿನಲ್ಲಿ ಗ್ರಂಥಿಯೊಳಗೇ ಇದ್ದ ಕ್ಯಾನ್ಸರಿನ 1,643 ಮಂದಿಯನ್ನು ಮೂರು ಗುಂಪು ಮಾಡಿ, ಒಂದಕ್ಕೆ ಶಸ್ತ್ರಚಿಕಿತ್ಸೆ, ಒಂದಕ್ಕೆ ವಿಕಿರಣ, ಇನ್ನೊಂದಕ್ಕೆ ನಿಗಾ ಮಾತ್ರ ಇಟ್ಟು ಸುಮಾರು 15 ವರ್ಷ ನೋಡಿದರು. 2023ರಲ್ಲಿ ಲೆಕ್ಕ ಬಂತು: ಮೂರೂ ಗುಂಪುಗಳಲ್ಲಿ ನೂರಕ್ಕೆ ಸುಮಾರು 97 ಮಂದಿ ಈ ಕ್ಯಾನ್ಸರಿಗೆ ಬಲಿಯಾಗಿರಲಿಲ್ಲ. ನಿಗಾದಲ್ಲಿದ್ದವರಲ್ಲಿ ಕಾಯಿಲೆ ಬೇರೆಡೆಗೆ ಹಬ್ಬಿದ್ದು ಉಳಿದವರಿಗಿಂತ ಸುಮಾರು ಇಮ್ಮಡಿ, ಅರ್ಧಕ್ಕಿಂತ ಹೆಚ್ಚು ಮಂದಿಗೆ ಮುಂದೆ ಚಿಕಿತ್ಸೆ ಬೇಕಾಯಿತು ಎನ್ನುವುದೂ ನಿಮಗೆ ತಿಳಿದಿರಲಿ. ಶಸ್ತ್ರಚಿಕಿತ್ಸೆಯಾದ ಕೆಲವರಿಗೆ ಮೂತ್ರ ಸೋರುತ್ತದೆ, ಲೈಂಗಿಕ ಶಕ್ತಿ ಕುಂದುತ್ತದೆ. ಅವಸರಪಡದೇ ಕಾಯುತ್ತಿರುವುದು ಅದಕ್ಕೇ.

ಆದರೆ ಈ ಕಾಯುವಿಕೆಯಲ್ಲೂ ಕೆಲಸವಿದೆ. ಆರು ತಿಂಗಳಿಗೆ ಪಿಎಸ್‌ಎ, ವೈದ್ಯರು ಹೇಳಿದಾಗ ಎಂಆರ್‌ಐ, ಮತ್ತೆ ಬಯಾಪ್ಸಿ. ಪಿಎಸ್‌ಎ ಏರುತ್ತಿದ್ದರೆ, ದರ್ಜೆ 7ಕ್ಕೆ ಹೋದರೆ, ಚಿಕಿತ್ಸೆ ಶುರು ಮಾಡಬೇಕೇ ಎಂದು ಆಗ ಮಾತಾಡುತ್ತಾರೆ. ಮಳೆಗಾಲದಲ್ಲಿ ಗುಡ್ಡ ಕುಸಿದು ಹೆದ್ದಾರಿ ಬಂದಾಗಿ ಹತ್ತು ದಿನ ತಡವಾದರೆ ಭಯವಿಲ್ಲ, ಒಂದು ಸರದಿಯನ್ನೇ ತಪ್ಪಿಸಬೇಡಿ. ಎಲ್ಲ ವರದಿಗಳನ್ನೂ ಒಂದೇ ಫೈಲಿನಲ್ಲಿಡಿ. ನಾಟಿ ಔಷಧಿಯಲ್ಲಿ ಏನಿದೆಯೆಂದು ಕೊಡುವವರೇ ಹೇಳದಿದ್ದರೆ ಮುಟ್ಟಬೇಡಿ. ಈಗಾಗಲೇ ಕೊಟ್ಟಿದ್ದರೆ ವೈದ್ಯರಿಗೆ ಮುಚ್ಚಿಡದೆ ತಿಳಿಸಿ. ಮುಂದಿನ ಸಲ ನೀವೂ ಅವರ ಜೊತೆ ಒಳಗೆ ಹೋಗಿ ಕೂತು, ಮತ್ತೆ ಬಯಾಪ್ಸಿ ಯಾವಾಗ ಎಂದು ಕೇಳಿ ಬರೆಸಿಕೊಳ್ಳಿ.